ಎರಡನೆಯ ಕನ್ನಡಿ

ಕನ್ನಡಿ ಈಗ ಸರಿಯಾಗಿತ್ತು, ಅವಳಿಗೆ ಇರುಸುಮುರುಸಾಗುತ್ತಿದ್ದುದೂ ಅದಕ್ಕೇ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮುಂದಿನ ಗಾಜಿಗೆ ಎರಡು ಕನ್ನಡಿಗಳಿರುತ್ತವೆ: ಒಂದು ಕಲಿಯುವವರದು, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರದು. ಹಿಂದಿನಿಂದ ಬರುವುದನ್ನು ಇಬ್ಬರೂ ಬೇರೆ ಬೇರೆಯಾಗಿ ನೋಡಬೇಕು, ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರದಾದರೂ ಇರಲಿ ಎಂದು. ಎರಡು ವರ್ಷದಿಂದ ಅವಳ ಪಾಲಿನ ಕನ್ನಡಿ ರಸ್ತೆಯನ್ನು ನೋಡಿಯೇ ಇರಲಿಲ್ಲ. ಅದನ್ನು ಅವಳು ಕಲಿಯುವವರ ತುಟಿಗೆ ತಿರುಗಿಸಿಟ್ಟುಕೊಂಡಿದ್ದಳು. ಇಪ್ಪತ್ತಾರು ವರ್ಷ ಎಂಜಿನ್ನಿನ ಪಕ್ಕದಲ್ಲಿ ಕೂತ ಕಿವಿ, ಅದರಲ್ಲೂ ಕಲಿಯುವವರ ಕಡೆಗಿರುವ ಕಿವಿ, ಮಾತನ್ನು ಪೂರ್ತಿ ಒಳಗೆ ಬಿಟ್ಟುಕೊಳ್ಳುವುದನ್ನು ನಿಲ್ಲಿಸಿತ್ತು. ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು, ಏನು ಎಂದು ಗೊತ್ತಾಗುತ್ತಿರಲಿಲ್ಲ. ತುಟಿ ಕಂಡರೆ ಮುಕ್ಕಾಲು ಭಾಗ ಹಿಡಿಯುತ್ತಿದ್ದಳು. ಜೊತೆಗೆ ಒಂದು ಕಾನೂನನ್ನೂ ತಂದಿದ್ದಳು: ಗಾಡಿಯಲ್ಲಿ ಮಾತು ಬೇಡ, ಕೇಳಿದ್ದಕ್ಕೆ ಉತ್ತರ ಅಷ್ಟೇ. ಬ್ರೇಕಮ್ಮ ಬಲು ಶಿಸ್ತಿನವರು ಎಂದು ಊರೆಲ್ಲ ಹೊಗಳಿತು. ಪಕ್ಕದ ಸೀಟಿನ ಕಾಲಡಿಯೂ ಒಂದು ಬ್ರೇಕಿರುವುದರಿಂದ ಬಂದ ಹೆಸರು ಅದು. ಅವಳಿಗೂ ಅದು ಇಷ್ಟವೇ. ಹೊಗಳಿಕೆಯನ್ನು ಕೇಳಿಸಿಕೊಂಡವಳ ಹಾಗೆ ನಕ್ಕಿದ್ದಳು, ಆ ಹೊತ್ತಿಗೆ ನಗುವುದು ಯಾವಾಗ ಎಂಬುದನ್ನು ಮುಖ ನೋಡಿಯೇ ಹೇಳಬಲ್ಲವಳಾಗಿದ್ದಳು.

ಕಳೆದ ಗುರುವಾರದ ನಂತರ ಕನ್ನಡಿಯನ್ನು ಮತ್ತೆ ರಸ್ತೆಗೆ ತಿರುಗಿಸಿದ್ದಳು. ಈಗ ಅದರಲ್ಲಿ ಸ್ಕೂಲಿನ ಮುಂದಿನ ಬೀದಿ, ಔಷಧಿ ಅಂಗಡಿಯ ಅರ್ಧ ಎತ್ತಿದ ಷಟರ್, ಕಸ ಗುಡಿಸುವವಳ ಬೆನ್ನು ಎಲ್ಲ ಕಾಣುತ್ತಿದ್ದವು. ಎಂಟು ಗಂಟೆಯ ಪಾಠಕ್ಕೆ ಬಂದಿದ್ದ ಕಾಲೇಜು ಹುಡುಗಿ ಏನೇನೋ ಕೇಳಿದ್ದಳು, ಇವಳು ಎಲ್ಲಕ್ಕೂ "ಮುಂದೆ ನೋಡಮ್ಮ" ಎಂದಿದ್ದಳು. ಅದು ಎಂಥ ಪ್ರಶ್ನೆಗಾದರೂ ಹೊಂದುವ ಉತ್ತರ. ಈಗ ಹತ್ತಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಹತ್ತಕ್ಕೆ ಹೊಲಿಗೆಯವಳು ಬರುತ್ತಾಳೆ, ಪಾಠಕ್ಕಲ್ಲ, ಕಲಿಯುವುದನ್ನೇ ಬಿಟ್ಟು ತನ್ನ ಲೈಸೆನ್ಸಿನ ಕಾಗದ ವಾಪಸ್ ಪಡೆಯುವುದಕ್ಕೆ. ಸ್ಕೂಲಿನ ಯಜಮಾನ ನಿನ್ನೆಯೇ ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟಿದ್ದ. ಅವನೇನೂ ಇವಳ ಕಿವಿಗಾಗಿ ಬರೆದಿರಲಿಲ್ಲ, ಆಗ ಇವಳು ಗಾಡಿಯಲ್ಲಿದ್ದಳು ಎಂದು ಬರೆದಿದ್ದ. ಚೀಟಿಯಲ್ಲಿರುವುದು ಎಷ್ಟು ನೆಮ್ಮದಿಯ ಮಾತು ಎಂದು ಆಗ ಅವಳಿಗನ್ನಿಸಿತ್ತು, ಓದುವ ಮೊದಲು.

ಕೈಚೀಲದೊಳಗೆ ಪುಟ್ಟ ಪೆಟ್ಟಿಗೆ ಇತ್ತು, ಪೆಟ್ಟಿಗೆಯೊಳಗೆ ಕಿವಿಯ ಮೆಷಿನ್ನುಗಳು. ತಂದು ಒಂದು ತಿಂಗಳಾಗಿತ್ತು. ಮನೆಯಲ್ಲಿ ಹಾಕಿಕೊಳ್ಳುತ್ತಿದ್ದಳು, ಹೊಸ್ತಿಲು ದಾಟುವ ಮೊದಲು ತೆಗೆದಿಡುತ್ತಿದ್ದಳು. ಮೊದಲ ದಿನ ನಲ್ಲಿ ಬಿಟ್ಟಾಗ ಯಾರೋ ಗಾಜು ಒಡೆದರೆಂದು ಬೆಚ್ಚಿಬಿದ್ದಿದ್ದಳು. ಸ್ವಂತ ಸೀರೆ ಇಷ್ಟು ಸದ್ದು ಮಾಡುತ್ತದೆಂದು ಐವತ್ನಾಲ್ಕು ವರ್ಷದಲ್ಲಿ ಅವಳಿಗೆ ಗೊತ್ತಾದದ್ದು ಅಂದೇ. ಗಂಡ ಲೈಬ್ರರಿಯಲ್ಲಿ ಗುಮಾಸ್ತ, ಪುಸ್ತಕಗಳಿಗೆ ಕೇಳಿಸಬಾರದು ಎಂಬಂತೆ ಮೆಲ್ಲಗೆ ಮಾತಾಡುತ್ತ ಮೂವತ್ತು ವರ್ಷ ಕಳೆದವನು. ಮದುವೆಯಾದ ಹೊಸದರಲ್ಲಿ ಅವಳಿಗೆ ಆ ದನಿಯೇ ಹಿಡಿಸಿತ್ತು. ಆಮೇಲೆ ಅದೇ ದನಿಗಾಗಿ ಬೈದಳು, ಬಾಯಲ್ಲೇನು ಹತ್ತಿ ಇಟ್ಟುಕೊಂಡಿದ್ದೀರಾ ಎಂದು. ಅವನು ಪಾಪ ತನ್ನದೇ ತಪ್ಪೆಂದು ತಿಳಿದು ದನಿ ಎತ್ತಿ ಅಭ್ಯಾಸ ಮಾಡಿಕೊಂಡ. ಲೈಬ್ರರಿಯಲ್ಲಿ ಮರೆತು ಹಾಗೇ ಮಾತಾಡಿ, ಓದುವವರಿಂದ ದೂರು ಬರೆಸಿಕೊಂಡ. ಆ ಕಾಗದವನ್ನು ಅವನು ಮಡಿಸಿ ಅಂಗಿ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದಿದ್ದ. ಬಟ್ಟೆ ಒಗೆಯುವಾಗ ಸಿಕ್ಕಿದ್ದರಿಂದ ಅವಳಿಗೆ ಗೊತ್ತಾಯಿತು. ಅದನ್ನು ಓದಿದ ಮೇಲೆಯೇ ಅವಳು ಕಿವಿಯ ಆಸ್ಪತ್ರೆಗೆ ಹೋದದ್ದು. ಇವತ್ತು ಬೆಳಿಗ್ಗೆ ಅವನು ಮಾತಾಡುವ ಮೊದಲು ಮೇಜನ್ನು ಅಂಗೈಯಿಂದ ಒಮ್ಮೆ ತಟ್ಟಿದ, ಅವಳು ತಲೆಯೆತ್ತಿ ನೋಡುವವರೆಗೆ ಕಾದ, ಆಮೇಲೆ ತನ್ನ ಹಳೆಯ ದನಿಯಲ್ಲೇ ಹೇಳಿದ.

"ಇವತ್ತಾದ್ರೂ ಹಾಕ್ಕೊಂಡು ಹೋಗು. ಆ ಹೆಂಗಸು ಬರ್ತಾಳೆ ಅಂದ್ಯಲ್ಲ."

"ಅವಳು ಕಾಗದ ತಗೊಂಡು ಹೋಗೋಕೆ ಬರೋದು ರೀ. ನನ್ನ ಹತ್ರ ಏನ್ ಕೆಲಸ?"

"ನಿನಗಿದೆಯಲ್ಲ ಅವಳ ಹತ್ರ ಕೆಲಸ," ಎಂದು ಅವನು ತಟ್ಟೆ ತೊಳೆಯಲು ತಿರುಗಿಕೊಂಡ. ತಿರುಗಿಕೊಂಡ ಮೇಲೆ ಇನ್ನೇನೋ ಅಂದನೋ ಇಲ್ಲವೋ, ಅವನ ಬೆನ್ನಿನಿಂದ ಅವಳಿಗೆ ಏನೂ ತಿಳಿಯಲಿಲ್ಲ.

ಪ್ರತಿ ಬುಧವಾರ ಸಂಜೆ ಆಸ್ಪತ್ರೆಯ ಮೇಲಿನ ಕೋಣೆಯಲ್ಲಿ ಎಂಟು ಕುರ್ಚಿಗಳನ್ನು ಗುಂಡಗೆ ಹಾಕುತ್ತಾರೆ. ಮೆಷಿನ್ ಕೊಟ್ಟರೆ ಮುಗಿಯಲಿಲ್ಲ, ಅದರ ಜೊತೆ ಬದುಕುವುದನ್ನು ಕಲಿಯಬೇಕು ಎಂದು ಅಲ್ಲಿ ಪಾಠ ಮಾಡುವ ಹುಡುಗಿಗೆ ಬ್ರೇಕಮ್ಮನ ಮಗಳ ವಯಸ್ಸೂ ಇಲ್ಲ. ಎಲ್ಲರೂ ಅವಳನ್ನು ಕಿವಿ ಟೀಚರ್ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಪಾಠ ಹೇಳಿದವಳು ಬೆಂಚಿನ ಈ ಕಡೆ ಕೂರುವುದೇ ಒಂದು ಶಿಕ್ಷೆ. ಮಾತಾಡುವವರ ಮುಖಕ್ಕೆ ಬೆಳಕು ಬೀಳುವ ಹಾಗೆ ನೀವೇ ಜಾಗ ಹುಡುಕಿಕೊಳ್ಳಿ, ಬೆಳಕು ಅವರ ಬೆನ್ನಿಗಿದ್ದರೆ ಎದ್ದು ಬೇರೆ ಕಡೆ ಹೋಗಿ, ನಾಚಿಕೆಪಡಬೇಡಿ. ಏನು ಏನು ಎಂದು ಕೇಳಬೇಡಿ, ಹಾಗೆ ಕೇಳಿದರೆ ಅವರು ಅದನ್ನೇ ಕಿರುಚುತ್ತಾರೆ. ಎಷ್ಟು ಅರ್ಥವಾಯಿತೋ ಅಷ್ಟನ್ನು ಹೇಳಿ, ಉಳಿದದ್ದನ್ನು ಕೇಳಿ. ಅರ್ಥವಾಗದೆ ತಲೆ ಆಡಿಸಬೇಡಿ. ಈ ಕೊನೆಯದನ್ನು ಹೇಳಿದಾಗ ಕೋಣೆಯಲ್ಲಿ ಎಂಟೂ ತಲೆಗಳು ಹೌದೆಂದು ಆಡಿದವು, ಟೀಚರ್ ನಕ್ಕುಬಿಟ್ಟಳು. ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದ ಮುದುಕನೊಬ್ಬ ಬರುತ್ತಿದ್ದ, ಎಲ್ಲರನ್ನೂ ನಗಿಸುವವನು. ನನ್ನ ಸೊಸೆಗೆ ನಾನು ಕಿವುಡ ಅಂತ ಗೊತ್ತಾದ ಮೇಲೆ ಬೈಯೋದು ಬಿಟ್ಟಿದ್ದಾಳೆ, ಸುಮ್ಮನೆ ಶ್ರಮ ಅಂತ, ಮೆಷಿನ್ ಹಾಕ್ಕೊಂಡಿದ್ದು ನನಗೇ ನಷ್ಟ ಎನ್ನುತ್ತಿದ್ದ. ಹೋಂವರ್ಕೆಂದು ಟೀಚರ್ ಕೊಟ್ಟದ್ದು ಒಂದೇ: ದಿನಕ್ಕೊಬ್ಬರಿಗೆ ಹೇಳಿ, ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ನನ್ನ ಕಡೆ ತಿರುಗಿ ಮಾತಾಡಿ ಎಂದು. ನಿನ್ನೆ ಸಂಜೆ ಒಬ್ಬೊಬ್ಬರನ್ನೇ ಕೇಳಿಕೊಂಡು ಬಂದಳು. ಮುದುಕ ಹಾಲಿನವನಿಗೆ, ಕ್ಷೌರದವನಿಗೆ, ಪಕ್ಕದ ಮನೆಯ ನಾಯಿಗೆ ಹೇಳಿದ್ದ. ಬ್ರೇಕಮ್ಮನ ಸರದಿ ಬಂದಾಗ ಅವಳು "ನಮ್ಮ ಸ್ಕೂಲಿನ ಯಜಮಾನರಿಗೆ ಹೇಳಿದೆ" ಎಂದಳು. ಪಕ್ಕದಲ್ಲೇ ಕೂತಿದ್ದ ಗಂಡ ಅವಳ ಮುಖವನ್ನು ನೋಡದೆ ತನ್ನ ಚಪ್ಪಲಿಯನ್ನು ನೋಡಿಕೊಂಡ. ಟೀಚರ್ ಚಪ್ಪಾಳೆ ತಟ್ಟಿಸಿದಳು. ಆ ಚಪ್ಪಾಳೆ ಮೆಷಿನ್ನಿನಲ್ಲಿ ಚಟಚಟ ಎಂದು ಕಿವಿಗೆ ಹೊಡೆಯಿತು.

ಹೇಳುವುದೇನು ದೊಡ್ಡ ವಿಷಯವಾಗಿರಲಿಲ್ಲ, ಗುರುವಾರದ್ದು ಆಗದೇ ಇದ್ದಿದ್ದರೆ. ಅಂದು ಗೋದಾಮುಗಳ ಹಿಂದಿನ ಗಲ್ಲಿಯಲ್ಲಿ ಹೊಲಿಗೆಯವಳಿಗೆ ರಿವರ್ಸ್ ಹೇಳಿಕೊಡುತ್ತಿದ್ದಳು. ನಲವತ್ತು ದಾಟಿದ ಹೆಂಗಸು, ಹನ್ನೆರಡು ಮೆಷಿನ್ನಿನ ಹೊಲಿಗೆ ಮನೆ ನಡೆಸುತ್ತಾಳೆ, ಸ್ಕೂಲುಗಳ ಯೂನಿಫಾರಂ ಗಂಟುಗಳನ್ನು ತಾನೇ ಸಾಗಿಸಬೇಕೆಂದು ಒಂದು ವ್ಯಾನು ಕೊಂಡು, ಅದಕ್ಕೆ ಬಟ್ಟೆ ಹೊದಿಸಿ ನಿಲ್ಲಿಸಿ ಕಲಿಯಲು ಬಂದವಳು. ಕ್ಲಚ್ಚಿನ ಮೇಲೆ ಅವಳ ಕಾಲು ಹೊಲಿಗೆಯವರ ಕಾಲಿನಂತೆಯೇ ಹದವಾಗಿತ್ತು, ಇಂಥ ಕಾಲು ಹತ್ತು ವರ್ಷಕ್ಕೊಂದು ಸಿಗುತ್ತದೆ ಎಂದು ಬ್ರೇಕಮ್ಮ ಖುಷಿಪಟ್ಟಿದ್ದಳು. ಗಾಡಿ ಹಿಂದಕ್ಕೆ ಸರಿಯುವಾಗ ಕನ್ನಡಿಯಲ್ಲಿ ಅವಳ ತುಟಿ ಅಲುಗಿತು. ಹಿಂದೆ ಯಾರಾದರೂ ಇದ್ದಾರಾ ಮೇಡಂ. ಬ್ರೇಕಮ್ಮ ಅದನ್ನು ಅಕ್ಷರ ಬಿಡದೆ ಓದಿದಳು. ಓದಿದ್ದಕ್ಕೆ ಒಳಗೊಳಗೇ ಹೆಮ್ಮೆಪಟ್ಟಳು. "ಯಾರೂ ಇಲ್ಲ, ಬಾ ಬಾ" ಎಂದಳು. ಇದ್ದಾರೋ ಇಲ್ಲವೋ ಎಂದು ಅವಳಿಗೆ ಹೇಳಬೇಕಾಗಿದ್ದ ಕನ್ನಡಿಯಲ್ಲೇ ಪ್ರಶ್ನೆ ಇತ್ತು, ಉತ್ತರಕ್ಕೆ ಜಾಗವಿರಲಿಲ್ಲ. ತನ್ನ ಕಡೆಯಿಂದ ಬಂದ ಸೈಕಲ್ಲು ಅವಳಿಗೆ ಗೊತ್ತಾದದ್ದು ಬೆನ್ನಿಗೆ ಸೀಟು ತಟ್ಟಿದಾಗ.

ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ಡು ಹಾಕುವವನು. ಮೊಣಕೈ ತರಚಿತ್ತು, ಚಕ್ರ ಸೊಟ್ಟಗಾಗಿತ್ತು, ಬ್ರೆಡ್ಡಿನ ಪೊಟ್ಟಣಗಳು ಗಲ್ಲಿಯ ತುಂಬ ಬಿದ್ದಿದ್ದವು. ಮೂರು ಸಲ ಗಂಟೆ ಹೊಡೆದೆನಲ್ಲ ತಾಯಿ ಎಂದು ಅವನು ಮೂರು ಬೆರಳು ಎತ್ತಿ ತೋರಿಸುತ್ತಿದ್ದ. "ಸುಳ್ಳು ಹೇಳ್ಬೇಡಪ್ಪ, ಹೊಡೆದಿದ್ರೆ ನನಗೆ ಕೇಳಿಸ್ತಿರಲಿಲ್ವಾ?" ಎಂದು ಅವಳು ಗೋದಾಮಿನ ಕೂಲಿಗಳೆಲ್ಲರ ಮುಂದೆ ಗದರಿದಳು. ಈಚೆಗೆ ಸೈಕಲ್ಲಿನವರು ಗಂಟೆ ಹೊಡೆಯುವುದನ್ನೇ ಬಿಟ್ಟಿದ್ದಾರೆ ಎಂಬುದು ಅವಳು ಎಲ್ಲ ಪಾಠಗಳಲ್ಲೂ ಹೇಳುವ ಮಾತು. ಆಮೇಲೆ ಹೊಲಿಗೆಯವಳ ಕಡೆ ತಿರುಗಿದಳು. ಕನ್ನಡಿ ನೋಡೋದು ಬಿಟ್ಟು ಎತ್ತ ನೋಡ್ತಿದ್ದೆ ಎಂದಳು. ಹೊಲಿಗೆಯವಳು ಬ್ರೆಡ್ಡು ಆರಿಸುತ್ತಿದ್ದವಳು ಹಾಗೇ ಕೂತಲ್ಲೇ ಅತ್ತಳು. ಚಕ್ರ ಸರಿಮಾಡಿಸಿಕೊಟ್ಟದ್ದಾಯಿತು, ಕಲಿಯುವವರ ಅಜಾಗರೂಕತೆ ಎಂದು ಯಜಮಾನ ಬರೆದುಕೊಂಡದ್ದಾಯಿತು. ಬ್ರೇಕಮ್ಮ ಒಬ್ಬಳೇ ಕಾರಿನೊಳಗೆ ಕೂತು ಕನ್ನಡಿಯನ್ನು ತಿರುಗಿಸುವಾಗ ಅದರಲ್ಲಿ ಒಂದು ಕ್ಷಣ ತನ್ನ ಮುಖವೇ ಹಾದುಹೋಯಿತು. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು, ಅದು ಇವತ್ತಿಗೂ ಕಡಿಮೆಯಾಗಿರಲಿಲ್ಲ.

ಹತ್ತಕ್ಕೆ ಎರಡು ನಿಮಿಷವಿದ್ದಾಗ ಹೊಲಿಗೆಯವಳು ಮೆಟ್ಟಿಲು ಹತ್ತುವುದು ಕನ್ನಡಿಯಲ್ಲಿ ಕಂಡಿತು. ಕೈಯಲ್ಲಿ ಬಟ್ಟೆಚೀಲ, ಕೊರಳಲ್ಲಿ ಅಳತೆ ಟೇಪು, ತೆಗೆಯಲು ಮರೆತಿದ್ದಳು. ಆ ಟೇಪನ್ನು ನೋಡಿದ್ದೇ ಬ್ರೇಕಮ್ಮ ಪೆಟ್ಟಿಗೆ ತೆರೆದಳು. ಒಂದು ಕಿವಿಗೆ, ಇನ್ನೊಂದು ಕಿವಿಗೆ. ಬೀದಿ ಪೂರ್ತಿ ಒಮ್ಮೆಗೇ ಮೈಮೇಲೆ ಬಿತ್ತು. ಬೀಳಲಿ ಎಂದುಕೊಂಡು ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ ಬಾಗಿಲು ತೆರೆದಳು.

ಆಫೀಸು ಕೋಣೆಯಲ್ಲಿ ಯಜಮಾನ ಕಿಟಕಿಗೆ ಬೆನ್ನು ಮಾಡಿ ಕೂರುತ್ತಾನೆ, ಗಾಳಿ ಬರುತ್ತದೆಂದು. ಅವನ ಮುಖ ಬರೀ ಕಪ್ಪಾಗಿ ಕಾಣುತ್ತಿತ್ತು. ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು, ಮೆಷಿನ್ನುಗಳು ಮೊದಲು ಹಿಡಿದದ್ದು ಅದನ್ನೇ. ಹೊಲಿಗೆಯವಳು ಕಪಾಟಿನ ಪಕ್ಕ ನಿಂತು ಏನೋ ಹೇಳುತ್ತಿದ್ದಳು, ಯಜಮಾನ ತಲೆ ಬಗ್ಗಿಸಿ ಫೈಲು ಹುಡುಕುತ್ತ ಏನೋ ಉತ್ತರ ಕೊಡುತ್ತಿದ್ದ. ಇನ್ನೆರಡು ನಿಮಿಷದಲ್ಲಿ ಕಾಗದ ಕೈಬದಲಾಗುತ್ತದೆ, ಎಲ್ಲರೂ ನಗುತ್ತಾರೆ, ತಾನೂ ನಗಬಹುದು. ಎಷ್ಟು ಸುಲಭ ಎಂದು ಅವಳಿಗನ್ನಿಸಿತು. ಯಜಮಾನ ಇವಳ ಕಡೆ ನೋಡಿ ಏನೋ ಕೇಳಿದ. ಅವಳ ತಲೆ ತಾನಾಗಿಯೇ ಆಡಲು ಹೊರಟಿತು. ಕುತ್ತಿಗೆಯನ್ನು ಬಿಗಿಹಿಡಿದು ನಿಲ್ಲಿಸಿದಳು. ಗೋಡೆಯ ಬಳಿ ಹೋಗಿ ಫ್ಯಾನಿನ ಸ್ವಿಚ್ ಆರಿಸಿದಳು.

"ಏನಕ್ಕಾ ಇದು, ಸೆಕೆ!"

"ಇರಲಿ ಒಂದೈದು ನಿಮಿಷ. ನೀವು ಈ ಕಡೆ ಬಂದು ಕೂತ್ಕೊಳ್ಳಿ, ಬೆಳಕಿಗೆ. ನಿಮ್ಮ ಮುಖ ನನಗೆ ಕಾಣ್ಬೇಕು."

"ಇವತ್ತೇನು ನಾಟಕ?" ಎಂದ ಯಜಮಾನ. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಕಾರು ಓಡಿಸಲು ಅವಳ ಹತ್ತಿರವೇ ಕಲಿತವನು. ಗೊಣಗುತ್ತಲೇ ಕುರ್ಚಿ ಎಳೆದುಕೊಂಡು ಬಂದ. ಬುಧವಾರಗಳಲ್ಲಿ ಅಭ್ಯಾಸ ಮಾಡಿದ್ದ ವಾಕ್ಯ ಅವಳ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆಯದೇ.

"ಗುರುವಾರ ಹಿಂದೆ ನೋಡದೆ ಇದ್ದಿದ್ದು ಇವರಲ್ಲ, ನಾನು. ಯಾರಾದ್ರೂ ಇದ್ದಾರಾ ಅಂತ ಇವರು ಕೇಳಿದ್ರು. ನೋಡದೇನೇ ಇಲ್ಲ ಅಂದೆ." ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. ಕನ್ನಡಿಯ ವಿಷಯ, ತುಟಿಯ ವಿಷಯ, ಮಾತು ಬೇಡ ಎಂಬ ಕಾನೂನಿನ ವಿಷಯ ಎಲ್ಲ ಹೇಳಿದಳು. ಹೇಳುತ್ತ ಹೋದಂತೆ ತನ್ನ ದನಿ ತನಗೇ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಸ್ವಲ್ಪ ಒಡಕು, ಆದರೂ ಗಟ್ಟಿ ದನಿ.

ಯಜಮಾನ ಬೆವರೊರೆಸಿಕೊಂಡ. "ಎರಡು ವರ್ಷ ಅಕ್ಕ? ಎರಡು ವರ್ಷ ಹಿಂದೆ ನೋಡದೆ..." ಮುಂದಿನದನ್ನು ಅವನು ಕಪಾಟಿಗೆ ಹೇಳಿದ.

"ಎರಡು ವರ್ಷ ಹಿಂದೆ ನೋಡಿಲ್ಲ ಅಂದ್ರಿ, ಅದು ಹೌದು. ಆಮೇಲಿಂದು ತಿಳೀಲಿಲ್ಲ. ಈ ಕಡೆ ತಿರುಗಿ ಹೇಳಿ."

ಅವನು ತಿರುಗಿದ. ತಿರುಗಿದ ಮೇಲೆ ಅದನ್ನೇ ಹೇಳುವುದು ಅವನಿಗೆ ಕಷ್ಟವಾಯಿತು. "ನಿಮ್ಮನ್ನ ಹೇಗೆ ಗಾಡಿಗೆ ಕಳಿಸ್ಲಿ ಅಂದೆ," ಎಂದ ಮೆಲ್ಲಗೆ. ಅವಳಿಗೆ ಕೇಳಿಸಿತು.

ಹೊಲಿಗೆಯವಳು ಕ್ಷಮಿಸಿದೆ ಎಂದಾಳು ಎಂದು ಬ್ರೇಕಮ್ಮ ಒಳಗೊಳಗೇ ಕಾದಿದ್ದಳೋ ಏನೋ. ಹೊಲಿಗೆಯವಳು ಚೀಲವನ್ನು ಮೇಜಿನ ಮೇಲಿಟ್ಟು, ಅವಳ ಮುಖಕ್ಕೆ ಮುಖ ಕೊಟ್ಟು ಮಾತಾಡಿದಳು.

"ಏಳು ದಿನ ಆಯ್ತು ಮೇಡಂ ನಾನು ನೆಟ್ಟಗೆ ನಿದ್ದೆ ಮಾಡಿ. ಕಣ್ಣು ಮುಚ್ಚಿದ್ರೆ ಆ ಬ್ರೆಡ್ಡುಗಳೇ. ವ್ಯಾನ್ ಮಾರಿಬಿಡು ಅಂತ ತಮ್ಮನಿಗೆ ಹೇಳಿದೀನಿ. ನೀವು ಒಂದು ಮಾತು ಅವತ್ತೇ ಹೇಳ್ಬೋದಿತ್ತು."

"ಹೇಳ್ಬೋದಿತ್ತು."

"ಯಾಕೆ ಹೇಳ್ಲಿಲ್ಲ?"

"ನಾಚಿಕೆ. ಇನ್ನೇನಿಲ್ಲ."

ಹೊಲಿಗೆಯವಳು ಅವಳ ಕಿವಿಗಳನ್ನು ಒಂದಾದ ಮೇಲೊಂದು ನೋಡಿದಳು, ತೋಳಿನ ಅಳತೆ ಸರಿಬಂದಿದೆಯೇ ಎಂದು ನೋಡುವವಳ ಹಾಗೆ. "ನಮ್ಮಲ್ಲಿ ಹನ್ನೆರಡು ಮೆಷಿನ್ ಒಟ್ಟಿಗೆ ಓಡುತ್ತೆ. ಯಾರ ಮಾತು ಯಾರಿಗೆ ಕೇಳಿಸುತ್ತೆ? ನನಗೇ ಕೇಳಿಸಲ್ಲ. ಕತ್ತರಿಯಲ್ಲಿ ಮೇಜಿಗೆ ಒಂದೇಟು ಹಾಕಿದ್ರೆ ನಿಲ್ಲಿಸು ಅಂತ, ಎರಡು ಹಾಕಿದ್ರೆ ಏನೋ ಕೇಳ್ಬೇಕು ಅಂತ. ಇಷ್ಟಕ್ಕೆ ನೀವು ಕನ್ನಡಿ ತಿರುಗಿಸಿಟ್ರಾ?" ಸಿಟ್ಟು ಹೋಗಿರಲಿಲ್ಲ, ಆದರೆ ಸಿಟ್ಟಿನ ಜೊತೆಗೇ ಕಸುಬಿನವರ ಒಂದು ಉಡಾಫೆ ನಗೆ ಬಂದಿತ್ತು. ಬ್ರೇಕಮ್ಮನಿಗೂ ನಗು ಬಂತು. ಈ ಸಲ ಯಾರ ಮುಖವನ್ನೂ ನೋಡಿ ನಗಬೇಕಾಗಲಿಲ್ಲ.

ಅವಳು ಯಜಮಾನನ ಕಡೆ ತಿರುಗಿದಳು. "ಕಿವಿ ಹೋಗಿದೆ, ಕೆಲಸ ಹೋಗಿಲ್ಲ. ಕನ್ನಡಿ ರಸ್ತೆಗಿದ್ರೆ ನಾನು ಕಲಿಸ್ತೀನಿ, ನಿಮಗೆ ಕಲಿಸಿದ ಹಾಗೇ. ನಂಬಿಕೆ ಇಲ್ದಿದ್ರೆ ಹಿಂದಿನ ಸೀಟಲ್ಲಿ ಬಂದು ಕೂತ್ಕೊಳ್ಳಿ. ನೋಡಿ. ಸರಿ ಇಲ್ಲ ಅನ್ಸಿದ್ರೆ ನಾನೇ ಕೀ ಕೊಡ್ತೀನಿ."

ಯಜಮಾನ ಫೈಲನ್ನು ಮುಚ್ಚಿ ಮತ್ತೆ ತೆರೆದ. "ಬಗ್ಗಿ ಕೂತ್ಕೋಬೇಕು ತಾನೇ? ಇಲ್ದಿದ್ರೆ ನಿಮ್ಮ ಕನ್ನಡಿಗೆ ಅಡ್ಡ ಬರ್ತೀನಿ," ಎಂದ ಕೊನೆಗೆ.

ಹೊಲಿಗೆಯವಳು ಕಾಗದದ ಮಾತೆತ್ತದೆ ಹೋಗಿ ಸ್ಟಿಯರಿಂಗಿನ ಮುಂದೆ ಕೂತಳು. ಕಾರಿನಲ್ಲಿ ಎಂಜಿನ್ ಶುರುಮಾಡುವ ಮೊದಲು ಇಬ್ಬರೂ ಎದುರುಬದುರು ತಿರುಗಿ ಕೂತು ಮಾತು ಮುಗಿಸಿಕೊಂಡರು. ಕೇಳುವುದೆಲ್ಲ ಗಾಡಿ ನಿಂತಾಗ. ಓಡುವಾಗ ಸ್ಟಿಯರಿಂಗಿಗೆ ಬೆರಳಿನಿಂದ ಒಂದು ಸಲ ತಟ್ಟಿದರೆ ನಿಲ್ಲಿಸುತ್ತೇನೆ ಎಂದು, ಎರಡು ಸಲ ತಟ್ಟಿದರೆ ಹಿಂದೆ ನೋಡಿ ಎಂದು. ಉತ್ತರವನ್ನು ಬ್ರೇಕಮ್ಮ ಕೈಯಲ್ಲಿ ಕೊಡುತ್ತಾಳೆ, ಬೆರಳು ಹಿಂದಕ್ಕೆ ತೋರಿಸಿದರೆ ಬಾ, ಅಂಗೈ ಬಿಚ್ಚಿದರೆ ನಿಲ್ಲು. ಯಜಮಾನ ಹಿಂದಿನ ಸೀಟಿನಲ್ಲಿ ಅರ್ಧ ಮಲಗಿದಂತೆ ಕೂತಿದ್ದ, ಕನ್ನಡಿಯಲ್ಲಿ ಅವನ ತಲೆಕೂದಲು ಮಾತ್ರ ಕಾಣುತ್ತಿತ್ತು. ಎಂಜಿನ್ನಿನ ಸದ್ದು ಮೆಷಿನ್ನುಗಳಲ್ಲಿ ಗವ್ವೆಂದಿತು. ಇಷ್ಟು ವರ್ಷ ಇದರ ಪಕ್ಕದಲ್ಲಿ ಕೂತೆನಲ್ಲ ಎಂದು ಅವಳಿಗೆ ತನ್ನ ಕಿವಿಗಳ ಮೇಲೆ ಮೊದಲ ಬಾರಿಗೆ ಕನಿಕರ ಬಂತು. ಹೊಲಿಗೆಯವಳ ಕಾಲು ಕ್ಲಚ್ಚನ್ನು ಬಿಟ್ಟ ಬಗೆಯಲ್ಲಿ ಏಳು ದಿನದ ಹೆದರಿಕೆ ಇತ್ತು, ಗಾಡಿ ಒಮ್ಮೆ ಮುಗ್ಗರಿಸಿತು. ಎರಡನೆಯ ತಿರುವಿನ ಹೊತ್ತಿಗೆ ಹಳೆಯ ಹದ ಮರಳಿತು.

ಎಲ್ಲಿಗೆ ಎಂದು ಯಾರೂ ಹೇಳಿರಲಿಲ್ಲ. ಹೊಲಿಗೆಯವಳೇ ಗೋದಾಮುಗಳ ಹಿಂದಿನ ಗಲ್ಲಿಗೆ ತಂದಳು, ಅಂದು ನಿಲ್ಲಿಸಿದ್ದಲ್ಲಿಗೇ ತಂದು ನಿಲ್ಲಿಸಿದಳು, ರಿವರ್ಸ್ ಹಾಕಿದಳು. ಕೂಲಿಗಳು ಗೋಣಿಚೀಲಗಳ ಮೇಲೆ ಕೂತು ನೋಡುತ್ತಿದ್ದರು. ಸ್ಟಿಯರಿಂಗಿನ ಮೇಲೆ ಬೆರಳು ಎರಡು ಸಲ ತಟ್ಟಿತು. ಬ್ರೇಕಮ್ಮ ತನ್ನ ಕನ್ನಡಿಯನ್ನು ನೋಡಿದಳು. ಗಲ್ಲಿ ಖಾಲಿ, ಕೊನೆಯವರೆಗೂ. ಹೊರಗಿನ ಕನ್ನಡಿಯನ್ನೂ ನೋಡಿ ಬೆರಳನ್ನು ಹಿಂದಕ್ಕೆ ತೋರಿಸಿದಳು. ಗಾಡಿ ಎರಡು ಮಾರು ಸರಿಯಿತು. ಆಗ ಎಲ್ಲೋ ಲೋಟಕ್ಕೆ ಚಮಚ ತಾಗಿದಂಥ ಸದ್ದು. ಮೆಷಿನ್ನಿನದೇ ಏನೋ ಕಿರಿಕಿರಿ ಎಂದುಕೊಂಡಳು. ಮತ್ತೆ ಬಂತು, ಇನ್ನೂ ತೆಳ್ಳಗೆ, ಇನ್ನೂ ಹತ್ತಿರ. ಕನ್ನಡಿಯಲ್ಲಿ ಗೋದಾಮಿನ ಮೂಲೆಯಿಂದ ಒಂದು ಸೈಕಲ್ಲು ಹೊರಬಿತ್ತು. ಹಿಂದೆ ಬ್ರೆಡ್ಡಿನ ಡಬ್ಬಿ, ಮೊಣಕೈಗೆ ಪಟ್ಟಿ, ಹ್ಯಾಂಡಲ್ಲಿನ ಗಂಟೆಯ ಮೇಲೆ ಹೆಬ್ಬೆರಳು. ಹೆಬ್ಬೆರಳು ಮತ್ತೊಮ್ಮೆ ಆಡಿತು, ಸದ್ದು ಮತ್ತೊಮ್ಮೆ ಬಂತು.

ಅವಳ ಅಂಗೈ ಬಿಚ್ಚಿಕೊಂಡಿತ್ತು. ಅವಳ ಕಾಲು ತನ್ನ ಬ್ರೇಕನ್ನು ಮುಟ್ಟುವ ಮೊದಲೇ ಗಾಡಿ ನಿಂತಿತ್ತು, ಹೊಲಿಗೆಯವಳ ಕಾಲಿನಿಂದ. ಹಿಂದಿನ ಸೀಟಿನಿಂದ ಯಜಮಾನ ಉಸಿರುಬಿಟ್ಟದ್ದು ಕೂಡ ಕೇಳಿಸಿತು. ಬ್ರೆಡ್ಡಿನವನು ಕಾರನ್ನು ಗುರುತಿಸಿದ್ದ. ಮುಖ ಗಂಟಿಕ್ಕಿಕೊಂಡು, ಬೇಕೆಂದೇ ಗಂಟೆಯನ್ನು ಉದ್ದಕ್ಕೂ ಬಾರಿಸುತ್ತ ಅವಳ ಕಿಟಕಿಯ ಪಕ್ಕದಲ್ಲೇ ಹಾದುಹೋದ. ಅಂದೂ ಹೀಗೇ ಬಾರಿಸಿಕೊಂಡು ಬಂದಿದ್ದ, ಮೂರು ಸಲ. ಎಲ್ಲ ಸೈಕಲ್ಲಿನವರೂ ಇಷ್ಟು ವರ್ಷವೂ ಬಾರಿಸುತ್ತಲೇ ಇದ್ದರು.

"ಒಂದ್ನಿಮಿಷ," ಎಂದು ಬಾಗಿಲು ತೆರೆದು ಇಳಿದಳು. "ಅಣ್ಣಾ, ಸ್ವಲ್ಪ ನಿಲ್ಲಿ!"

ಅವನು ಒಂದು ಕಾಲು ನೆಲಕ್ಕೂರಿ ನಿಂತ. ಕೂಲಿಗಳು ಗೋಣಿಚೀಲಗಳಿಂದ ಎದ್ದರು, ಇನ್ನೊಂದು ಜಗಳವೆಂದು. ಅಂದು ಇದ್ದವರೇ, ಎಲ್ಲರೂ ಇದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡು ಅವಳು ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

"ಅವತ್ತು ನೀವು ಗಂಟೆ ಹೊಡೆದಿದ್ರಿ. ನನಗೆ ಕಿವಿ ಕೇಳಿಸಲ್ಲ. ಕೇಳಿಸದೆ ನಿಮ್ಮನ್ನ ಸುಳ್ಳ ಅಂದೆ."

ಬ್ರೆಡ್ಡಿನವನು ಮಾತಾಡಲು ಶುರುಮಾಡಿದ. ಸೂರ್ಯ ಅವನ ಬೆನ್ನಿಗಿದ್ದ, ಮುಖ ಕಪ್ಪಾಗಿತ್ತು, ಮಾತುಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಏಳು ದಿನ ಕೂಡಿಟ್ಟುಕೊಂಡದ್ದು ಇರಬೇಕು, ಅದರಲ್ಲಿ ಬೈಗುಳವೇ ಹೆಚ್ಚಿರಬೇಕು. ಅವಳು ಕೈಯೆತ್ತಿ ತಡೆದಳು. ಸೈಕಲ್ಲನ್ನು ಬಳಸಿಕೊಂಡು ಅವನ ಇನ್ನೊಂದು ಪಕ್ಕಕ್ಕೆ ನಡೆದು, ಅವನು ತನ್ನ ಕಡೆ ತಿರುಗಿ ಬಿಸಿಲು ಅವನ ಮುಖದ ಮೇಲೆ ಪೂರ್ತಿ ಬೀಳುವವರೆಗೆ ಕಾದಳು.

"ಹ್ಞೂಂ," ಎಂದಳು. "ಈಗ ಹೇಳಿ. ಮೊದಲಿಂದ ಹೇಳಿ."